ಅಂಗಳದ ಮೇಲಿನ ಭಂಡಾರ

ನಾನು ಬೀಳುವುದರಲ್ಲಿ ಹೆಸರು ಮಾಡಿದವನು. ಎಪ್ಪತ್ತರ ದಶಕದ ಕೊನೆಯಲ್ಲಿ ಬಾಗಲಕೋಟೆಯ ಒಂದು ಕಂಪನಿ ಬಾಸ್ಕೆಟ್‌ಬಾಲ್ ಆಡುವುದಕ್ಕೆಂದೇ ನನ್ನನ್ನು ಪಗಾರ ಕೊಟ್ಟು ಇಟ್ಟುಕೊಂಡಿತ್ತು. ನನಗಿಂತ ಚೆನ್ನಾಗಿ ಆಡುವವರು ತಂಡದಲ್ಲಿದ್ದರು. ಜನ ಬರುತ್ತಿದ್ದದ್ದು ಮಾತ್ರ ನನ್ನ ಆಟಾಟೋಪ ನೋಡಲು. ಎದುರಾಳಿಯ ಮೊಣಕೈ ಸೋಕಿದರೆ ಸಾಕು, ಅಂಗಾತ ಬಿದ್ದು ಕಾಲು ಹಿಡಿದುಕೊಂಡು ಹೊರಳಾಡುತ್ತಿದ್ದೆ. ರೆಫರಿ ಫೌಲ್ ಕೊಟ್ಟ ಮರುಕ್ಷಣ ಚಂಗನೆ ಎದ್ದು ಜನರತ್ತ ಕಣ್ಣು ಹೊಡೆಯುತ್ತಿದ್ದೆ. ಆಗ ಸಿಳ್ಳೆಯೋ ಸಿಳ್ಳೆ.

ನಮ್ಮದು ಹುನಗುಂದ ಕಡೆಯ ಬೀರಪ್ಪನ ಭಕ್ತರ ಮನೆತನ. ಬಾದಾಮಿಯಲ್ಲಿ ಮೊದಲ ಸಲ ಗೆದ್ದಾಗ ನನ್ನ ಸೋದರಮಾವ ಅಂಗಳಕ್ಕೆ ನುಗ್ಗಿ, ದೇವರ ಅರಿಸಿನಪುಡಿ ಭಂಡಾರವನ್ನು ನನ್ನ ತಲೆಯ ಮೇಲೆ ಎರಚಿದ. ಜನ ಹುಚ್ಚೆದ್ದು ಕೂಗಿದರು. ಅಲ್ಲಿಂದ ಅದೇ ರೂಢಿಯಾಯಿತು. ಚೆಂಡು ರಿಂಗಿನೊಳಗೆ ಬಿದ್ದ ಕೂಡಲೇ ನಾನು ಜನರೆದುರು ಹೋಗಿ ಮಂಡಿಯೂರಿ ತಲೆ ಬಾಗುವುದು, ಅವರು ಮುಷ್ಟಿ ಮುಷ್ಟಿ ಭಂಡಾರ ತೂರುವುದು. ಅವ್ವನಿಗೆ ಇದು ಸೇರುತ್ತಿರಲಿಲ್ಲ. “ಕಾಲಾಗ ತುಳಿಯೂದಲ್ಲೋ ಯಪ್ಪಾ ಅದು” ಎನ್ನುತ್ತಿದ್ದಳು. ನನಗೆ ಕೇಳಿಸಿಕೊಳ್ಳಲು ಪುರುಸೊತ್ತೆಲ್ಲಿ?

ಇಳಕಲ್ಲಿನ ಪಂದ್ಯಕ್ಕೆ ಕಂಪನಿಯ ಸಾಹೇಬರೇ ಬಂದು ಕುಳಿತಿದ್ದರು. ನನ್ನನ್ನು ಕಾಯಂ ಮಾಡುವುದೋ ಬಿಡುವುದೋ ಎಂದು ಅಂದಿನ ಆಟ ನೋಡಿ ಹೇಳುವವರಿದ್ದರು. ಕಾಯಂ ಆದರೆ ಆಡಲಾಗದ ವಯಸ್ಸಿನಲ್ಲೂ ಕೆಲಸ ಇರುತ್ತಿತ್ತು. ಇಲ್ಲದಿದ್ದರೆ ಮೈಯಲ್ಲಿ ಆಟ ಇರುವತನಕ ಮಾತ್ರ ಅನ್ನ. ಹಾಗಾಗಿ ಅಂದು ನನ್ನ ಮಂಗಾಟ ದುಪ್ಪಟ್ಟಾಯಿತು, ಸಿಮೆಂಟಿನ ಅಂಗಳ ಹಳದಿಯಾಯಿತು. ರೆಫರಿ ಆಟ ನಿಲ್ಲಿಸಿ, “ನೆಲಾ ಜಾರಾಕತ್ತೈತಿ, ಯಾರರ ಕಸಬರಗಿ ತರ್ರಿ” ಎಂದರು.

“ದೇವರ ಭಂಡಾರಕ್ಕ ಕಸಬರಗಿ ಹಚ್ಚತೀರೇನ್ರಿ?” ಎಂದು ಎದೆಯುಬ್ಬಿಸಿ ಕೂಗಿದವನು ನಾನೇ. ತುಳಿಯುವಾಗ ನೆನಪಾಗದ ದೇವರು ಗುಡಿಸುವಾಗ ನೆನಪಾಗಿದ್ದ. ಜನ ಗದ್ದಲವೆಬ್ಬಿಸಿದರು. ರೆಫರಿ ಹೆದರಿ ನೆಲ ಗುಡಿಸದೆಯೇ ಆಟ ಮುಂದುವರಿಸಿದರು.

ಇನ್ನು ಎರಡೇ ನಿಮಿಷ ಉಳಿದಿತ್ತು. ಚೆಂಡು ಹಾಕಲು ಮೇಲಕ್ಕೆ ಹಾರಿದೆ. ಇಳಿಯುವಾಗ ಬಲಗಾಲು ಅರಿಸಿನದ ಮೇಲೆ ಜಾರಿತು. ಮೊಣಕಾಲಿನಲ್ಲಿ ಕಟಕ್ಕೆಂದ ಸದ್ದು ನನಗೇ ಕೇಳಿಸಿತು. ಹತ್ತಿರದಲ್ಲಿ ಯಾರೂ ಇರಲಿಲ್ಲ. ಕಾಲು ಹಿಡಿದುಕೊಂಡು ಹೊರಳಾಡಿದೆ. ಜನ ಎದ್ದು ನಿಂತು ಸಿಳ್ಳೆ ಹಾಕಿದರು.

“ಏಳಲೇ ಸಾಕು, ಫೌಲ್ ಸಿಗಂಗಿಲ್ಲ!”

“ಖರೇನ ಬಿದ್ದೀನ್ರಪ್ಪೋ!” ಎಂದು ಕಿರುಚಿದೆ. ಅದಕ್ಕೂ ನಕ್ಕರು. ನಮ್ಮ ತಂಡದವರೂ ನಗುತ್ತ ಚೆಂಡಿನ ಹಿಂದೆ ಓಡಿದರು. ಮುಂದಿನ ಸಾಲಿನಿಂದ ಒಬ್ಬ ಓಡಿಬಂದು ಮುಖದ ಮೇಲೆ ಇನ್ನೊಂದು ಮುಷ್ಟಿ ಭಂಡಾರ ಎರಚಿ ಹೋದ. ಉರಿಯುವ ಕಣ್ಣಿನಲ್ಲೇ ಸಾಹೇಬರನ್ನು ಹುಡುಕಿದೆ. ಅವರೂ ಚಪ್ಪಾಳೆ ತಟ್ಟುತ್ತಿದ್ದರು.

ಮರುದಿನ ದವಾಖಾನೆಗೆ ಬಂದ ಸಾಹೇಬರು ನನ್ನನ್ನು ಏನೂ ಕೇಳಲಿಲ್ಲ. “ಖರೇನ ಪೆಟ್ಟಾಗೇತೇನ್ರಿ?” ಎಂದು ಡಾಕ್ಟರನ್ನು ಕೇಳಿದರು. ಡಾಕ್ಟರು ಹೌದೆಂದರು, ಇನ್ನು ಆಡುವ ಮಾತಿಲ್ಲವೆಂದೂ ಹೇಳಿದರು. ಕಾಯಂ ಮಾಡುವ ಸುದ್ದಿಯನ್ನು ಆಮೇಲೆ ಯಾರೂ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಯಾವ ಮುಖ ಹೊತ್ತು ಕೇಳುವುದು? ಒಳಗೊಳಗೇ ಸತ್ತುಹೋಗಿದ್ದೆ.

ಕೆಲವು ವರ್ಷಗಳ ಮೇಲೆ ಕೆರೂರ ಬಸ್‌ಸ್ಟ್ಯಾಂಡಿನಲ್ಲಿ ಕುಂಟುತ್ತ ಬಸ್ಸಿನ ಕಡೆ ಹೊರಟಿದ್ದೆ. ಒಬ್ಬಾತ ಗುರುತು ಹಿಡಿದು, “ಏನ್ರಿ, ಇನ್ನೂ ನಾಟಕ ಬಿಟ್ಟಿಲ್ಲೇನ್ರಿ?” ಎಂದು ಬಾಯ್ತುಂಬ ನಕ್ಕ. ನನಗೆ ಮೈಯೆಲ್ಲ ಉರಿಯಿತು. ಅವನ ಬಾಯಿ ಮುಚ್ಚಿಸಬೇಕೆಂದು ಹಟಕ್ಕೆ ಬಿದ್ದು ನಾಲ್ಕು ಹೆಜ್ಜೆ ಕುಂಟದೆ ನೆಟ್ಟಗೆ ನಡೆಯಲು ನೋಡಿದೆ. ಆಗಲಿಲ್ಲ, ಮುಗ್ಗರಿಸಿ ಬಿದ್ದೆ.

ಆತ ಚಪ್ಪಾಳೆ ತಟ್ಟಿದ.