ತಳದಲ್ಲಿ ಕುಳಿತ ಒಣದ್ರಾಕ್ಷಿ

"ದ್ರಾಕ್ಷಿ ಮೇಲೆ ಬರುವವರೆಗೆ ಬಾಟಲಿಗೆ ಎಂತದೂ ಆಗುವುದಿಲ್ಲ ಮಾರಾಯ್ತಿ, ನಮ್ಮ ಅಮ್ಮ ಹೇಳಿದ್ದು," ಎಂದರು ಲಿಲ್ಲಿಬಾಯಿ.

ಕೊಲ್ಲಿ ದೇಶದ ಖಮೀಸ್ ಮುಶೈತ್‌ನ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ನಾನು ಕೆಲಸಕ್ಕಿದ್ದೆ; ಅವರು ಅಲ್ಲಿಯೇ ನರ್ಸ್, ನನ್ನ ಪಕ್ಕದ ಮನೆಯವರು. ಮದ್ಯ ಸಿಕ್ಕರೆ ಜೈಲು, ಬಳಿಕ ಗಡೀಪಾರು ಎನ್ನುವ ಆ ದೇಶದಲ್ಲಿ ಅವರು ಕ್ರಿಸ್‌ಮಸ್‌ಗೆಂದು ಗುಟ್ಟಾಗಿ ಬಿಯರ್ ತಯಾರಿಸಿದ್ದರು. ಹುದುಗು ಏಳುವುದು ನಿಲ್ಲುವ ಮೊದಲೇ ಅದನ್ನು ಆರು ಗಾಜಿನ ಬಾಟಲಿಗಳಿಗೆ ತುಂಬಿ, ಅನಿಲ ತುಂಬಿದ್ದು ತಿಳಿಯಲೆಂದು ಪ್ರತಿಯೊಂದಕ್ಕೂ ಒಂದು ಒಣದ್ರಾಕ್ಷಿ ಹಾಕಿ, ಬಿಗಿಯಾಗಿ ಮುಚ್ಚಿದ್ದರು. ಅವರ ಅಡುಗೆಮನೆಯಲ್ಲಿ ನಾನು ನೋಡಿದಾಗ ದ್ರಾಕ್ಷಿಗಳೆಲ್ಲ ತಳದಲ್ಲೇ ಇದ್ದವು.

ಗಾಜು ಸಾಲದೆ ಉಳಿದದ್ದು ಒಂದು ಪ್ಲಾಸ್ಟಿಕ್ ಬಾಟಲಿಯಲ್ಲಿತ್ತು. ಅದನ್ನು ಒತ್ತಿ ನೋಡಿದೆ. ಕಲ್ಲಿನಂತೆ ಗಟ್ಟಿಯಾಗಿತ್ತು, ಬುಡ ಉಬ್ಬಿ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಗಾಜಿನೊಳಗೂ ಅಷ್ಟೇ ಒತ್ತಡವಿರಬೇಕೆಂದು ಹೊಳೆಯಿತು. ಒಂದು ಸಿಡಿದರೆ ಕಣ್ಣು ಹೋದೀತು. ಸದ್ದು ಕೇಳಿ ಕಟ್ಟಡದ ಕಾವಲುಗಾರ ಬಂದರೆ ಇಬ್ಬರ ಇಕಾಮಾ, ಅಂದರೆ ವಾಸದ ಪರವಾನಗಿಯೂ ಹೋದೀತು.

"ಬಾಯಿ, ನೀವು ಹೊರಗೆ ನಿಲ್ಲಿ."

"ನಿನ್ನೊಬ್ಬಳನ್ನೇ ಬಿಟ್ಟು ಎಲ್ಲಿಗೆ ಹೋಗಲಿ?" ಎನ್ನುತ್ತ ಅವರು ಜಪಮಾಲೆ ಹಿಡಿದು ಬಾಗಿಲಲ್ಲೇ ನಿಂತರು.

ಪ್ರಯೋಗಾಲಯದ ರಕ್ಷಣಾ ಕನ್ನಡಕ ಧರಿಸಿ, ಒಂದೊಂದು ಬಾಟಲಿಗೂ ದಪ್ಪ ಟವೆಲ್ ಸುತ್ತಿ ಫ್ರಿಜ್ಜಿಗೆ ಸಾಗಿಸಿದೆ. ಮರುದಿನ, ಚೆನ್ನಾಗಿ ತಣಿದ ಮೇಲೆ, ಮೊದಲ ಗಾಜಿನ ಬಾಟಲಿಯ ಮುಚ್ಚಳವನ್ನು ಟವೆಲಿನಡಿಯಲ್ಲೇ ಕೂದಲೆಳೆಯಷ್ಟು ತಿರುಗಿಸಿದೆ. ಹಾವು ಬುಸುಗುಟ್ಟಿದಂತೆ ಅನಿಲ ಬಹಳ ಹೊತ್ತು ಹೊರಬಂತು. ಸದ್ದಡಗಿದ ಬಳಿಕ ಟವೆಲ್ ಸರಿಸಿದರೆ, ದ್ರಾಕ್ಷಿ ಮೈತುಂಬ ಗುಳ್ಳೆ ಹೊತ್ತು ನಿಧಾನವಾಗಿ ಮೇಲೇರುತ್ತಿತ್ತು.

"ನೋಡು, ಬಂತು. ಅಮ್ಮ ಹೇಳಿದ್ದು ಸುಳ್ಳಾ?"

ಬಿಗಿದ ಬಾಟಲಿಯ ಒತ್ತಡದಲ್ಲಿ ಗುಳ್ಳೆಯೇಳದೆ ತಳದಲ್ಲೇ ಕುಳಿತು, ಮುಚ್ಚಳ ಸಡಿಲಿಸಿದ ಮೇಲಷ್ಟೇ ಎಚ್ಚರಿಸುವ ಆ ದ್ರಾಕ್ಷಿಯನ್ನು ಬದಿಗಿಟ್ಟು, ಫ್ರಿಜ್ಜಿನಿಂದ ಮುಂದಿನ ಬಾಟಲಿ ತೆಗೆದೆ. ಇನ್ನೂ ಐದು ಗಾಜಿನ ಬಾಟಲಿಗಳು ಬಾಕಿಯಿದ್ದವು.