ಭೀಮುನಿಪಟ್ಟಣದ ಅಜ್ಜಿಯ ಒಪ್ಪಿಗೆ

ನಮ್ಮ ಯಜಮಾನರು ಬ್ಯಾಂಕಿನ ಅಧಿಕಾರಿ. ವಿಜಯವಾಡದ ಪಟಮಟದಲ್ಲಿದ್ದಾಗ ಅವರನ್ನು ನಮ್ಮ ಕ್ರೈಸ್ತ ಸಭೆಯ ಹಿರಿಯರನ್ನಾಗಿ ಮಾಡುವ ಮಾತು ಬಂದಿತ್ತು; ಅಷ್ಟರಲ್ಲಿ ವಿಶಾಖಪಟ್ಟಣಕ್ಕೆ ವರ್ಗವಾಯಿತು. ದ್ವಾರಕಾ ನಗರದ ಬಾಡಿಗೆ ಸಭಾಂಗಣದಲ್ಲಿ ಕೂಡುತ್ತಿದ್ದ ನಮ್ಮ ಪುಟ್ಟ ಕನ್ನಡ ಸಭೆಯಲ್ಲಿ ಮತ್ತೆ ಅದೇ ಪ್ರಸ್ತಾಪ ಎದ್ದಾಗ, ಇನ್ನೊಂದು ವರ್ಗಾವಣೆಯ ಸುದ್ದಿಯೂ ಕಿವಿಗೆ ಬಿದ್ದಿತ್ತು. ಬರುವ ಭಾನುವಾರವೇ ಹೆಸರು ಪ್ರಕಟವಾಗದಿದ್ದರೆ ಮುಂದೆ ಆಗುವ ಸಂಭವವಿರಲಿಲ್ಲ. ಅವರು ಅದನ್ನು ಎಷ್ಟು ಬಯಸಿದ್ದರೆಂಬುದು, ಬಡಿಸಿದ ಅನ್ನ ಆರುತ್ತಿದ್ದರೂ ಅವರು ಸುಮ್ಮನೆ ಕುಳಿತಿರುತ್ತಿದ್ದ ರೀತಿಯಿಂದಲೇ ನನಗೆ ತಿಳಿಯುತ್ತಿತ್ತು.

ಆ ಸಭೆಯಲ್ಲೊಂದು ಕ್ರಮವಿತ್ತು. ಹಿರಿಯರನ್ನು ಆರಿಸುವಾಗ, ಆರಾಧನೆಗೆ ಬರಲಾಗದೆ ಮನೆಯಲ್ಲಿ ಮಲಗಿರುವವರ ಒಪ್ಪಿಗೆಯನ್ನು ಸಭಾಪಾಲಕರು ಖುದ್ದಾಗಿ ಹೋಗಿ ಕೇಳಬೇಕು, ಹಿರಿಯರಾಗುವವರೂ ಎದುರಿಗಿರಬೇಕು. ಹಾಸಿಗೆ ಹಿಡಿದವರು ಆಗ ಒಬ್ಬರೇ, ಹತ್ತಿರದ ಭೀಮುನಿಪಟ್ಟಣದ ಅಜ್ಜಿ. ಗದಗಿನ ಕಡೆಯವರು, ತೆಲುಗು ಮನೆಗೆ ಸೊಸೆಯಾಗಿ ಬಂದವರು. ಯಜಮಾನರು ತಿಂಗಳಿಗೊಮ್ಮೆ ಹೋಗಿ, ಬೈಬಲಿನ ವಾಕ್ಯ ಓದಿ, ಪ್ರಾರ್ಥಿಸಿ ಬರುತ್ತಿದ್ದುದರಿಂದ ಒಪ್ಪಿಗೆಯ ಬಗ್ಗೆ ಯಾರಿಗೂ ಸಂದೇಹವಿರಲಿಲ್ಲ.

ಶನಿವಾರ ನಾವಿಬ್ಬರೂ ಸಭಾಪಾಲಕರ ಜೊತೆ ಹೋದೆವು. ಪಾಲಕರು ವಿಷಯ ಹೇಳಿ ಒಪ್ಪಿಗೆ ಕೇಳಿದರು. ಅಜ್ಜಿ ಯಜಮಾನರತ್ತ ಮುಖ ತಿರುಗಿಸಿದರು.

“ಬರ್ತಾರ. ಒಂದ್ ತಿಂಗಳೂ ತಪ್ಪಿಸಿಲ್ಲ” ಎಂದರು.

“ಹಾಗಾದ್ರೆ ಒಪ್ಪಿಗೆ ಅಂತ ತಿಳ್ಕೊಳ್ಳಲಾ ಅಜ್ಜಿ?”

“ತಡೀರಿ ಅಯ್ಯನವರ. ನಾ ಮಾತು ಚಾಲೂ ಮಾಡಿದ್ರ ಇವ್ರು ಪ್ರಾರ್ಥನಾ ಚಾಲೂ ಮಾಡ್ತಾರ. ಆಮೆನ್ ಅಂದಕೂಡ್ಲೆ ಚಪ್ಪಲ್ ಹಾಕ್ಕೋತಾರ. ಈ ಮನ್ಯಾಗ ಮೊಮ್ಮಕ್ಕಳಿಗೂ ಕನ್ನಡ ಬರೂದಿಲ್ಲ. ದೇವರ ಕೂಡ ಮಾತಾಡಾಕ ನನಗ ಇವ್ರು ಬೇಕಾಗಿಲ್ಲ. ಇನ್ನೊಂದ್ ವರ್ಷ ನೋಡೂಣು.”

ಅಜ್ಜಿಯ ಸೊಸೆಗೆ ಕನ್ನಡ ತಿಳಿಯದು; ಅದೇ ಹೊತ್ತಿಗೆ ಅವರು ನಗುತ್ತಾ ಚಹಾ ತಂದರು. ಯಾರೂ ಕೈ ಚಾಚಲಿಲ್ಲ.

“ವರ್ಷ ಎಲ್ಲಿದೆ ಅಜ್ಜಿ? ಇವರಿಗೆ ಟ್ರಾನ್ಸ್‌ಫರ್ ಆಗುತ್ತೆ” ಎಂದೆ ನಾನು.

“ಹಂಗಾರ ಹೋದ ಊರಾಗ ನೋಡ್ತಾರ, ಬಿಡವ್ವ.”

ಯಜಮಾನರ ಮುಖ ಬಿಗಿದಿತ್ತು. ಅವರು ಬಾಯಿ ತೆರೆದಾಗ, ಎಲ್ಲಿ ಬೈಬಲಿನ ಒಂದು ವಚನ ಎತ್ತಿ ವಾದಿಸುತ್ತಾರೋ ಎಂದು ಹೆದರಿದೆ. ಆದರೆ ಅವರು ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡರು.

“ಏನು ಹೇಳ್ಬೇಕು ಅಂತಿದ್ರಿ ಅಜ್ಜಿ?”

“ಈಗ? ಅಯ್ಯನವರ ಬಸ್ ಹೋಗ್ತದ.”

“ಹೋಗ್ಲಿ.”

ಸಭಾಪಾಲಕರು ಗಡಿಯಾರ ನೋಡಿಕೊಂಡು, ಚಹಾದ ಲೋಟ ಎತ್ತಿಕೊಂಡರು. ಅಜ್ಜಿ ತಮ್ಮ ಅಕ್ಕನ ಮದುವೆಯಲ್ಲಿ ಬೀಗರು ಊಟ ಬಿಟ್ಟೆದ್ದ ಜಗಳದಿಂದ ಆರಂಭಿಸಿದರು. ಅಜ್ಜಿಗೆ ಅಳು ಬಂದಾಗಲೆಲ್ಲ ಯಜಮಾನರ ಅಂಗೈಗಳು ಅಭ್ಯಾಸಬಲದಿಂದ ಪ್ರಾರ್ಥನೆಗೆ ಕೂಡಿಕೊಳ್ಳುತ್ತಿದ್ದವು. ಅವರು ಅವನ್ನು ಬಿಡಿಸಿ ಮೊಣಕಾಲ ಮೇಲಿಟ್ಟುಕೊಳ್ಳುತ್ತಿದ್ದರು.

ಭಾನುವಾರ ಅವರ ಹೆಸರು ಪ್ರಕಟವಾಗಲಿಲ್ಲ. ವರ್ಗಾವಣೆಯ ಆದೇಶ ಬಂದದ್ದು ಮತ್ತೆ ವಿಜಯವಾಡಕ್ಕೇ. ಇಲ್ಲಿನ ಸಭೆಯವರು ಹಿರಿಯತನದ ಮಾತನ್ನು ಇನ್ನೂ ಎತ್ತಿಲ್ಲ. ಎತ್ತುವರೋ ಇಲ್ಲವೋ ಎಂಬ ಕಳವಳ ನನಗೆ ಇದ್ದೇ ಇದೆ. ಸಂಜೆಗಳಲ್ಲಿ ಯಜಮಾನರು ಅಜ್ಜಿಗೆ ಫೋನ್ ಮಾಡುತ್ತಾರೆ. ಪಕ್ಕದ ಕೋಣೆಯಲ್ಲಿರುವ ನನಗೆ ಅವರ ‘ಹೂಂ’ ಅಷ್ಟೇ ಕೇಳಿಸುತ್ತದೆ.