ಅಪ್ಪನ ಹಸಿರು ಬಟ್ಟಲು

ನಾವು ಹಿಟ್ನಾಳದ ಕುಂಬಾರರು. ನಮ್ಮ ಮನೆಗೆ ಜಪಾನ್ ಬಂದದ್ದು ಕೊಪ್ಪಳದ ಅರಿವೆ ಅಂಗಡಿ ಸಾಹುಕಾರರ ದಯೆಯಿಂದ. ಅವರ ಅಳಿಯ ಮುಂಬೈಯಲ್ಲಿ ಹಡಗು ಹತ್ತಿ ಆ ದೇಶಕ್ಕೆ ವ್ಯಾಪಾರಕ್ಕೆ ಹೋಗಿಬಂದಿದ್ದ. ರೇಷ್ಮೆ ತಂದಿದ್ದರೆ ಮನೆಯವರು ಹಿಗ್ಗುತ್ತಿದ್ದರು. ಈ ಪುಣ್ಯಾತ್ಮ ತಂದದ್ದು ಹಿಡಿಕೆಯಿಲ್ಲದ, ಸೊಟ್ಟ ಬಾಯಿಯ ಒಂದು ಕರಿ ಬಟ್ಟಲು. ಗಡಿಗೆ ಕೊಡಲು ಹೋಗಿದ್ದ ಅಪ್ಪನ ಕೈಗೆ ಸಾಹುಕಾರರು ಅದನ್ನಿಟ್ಟು, "ನಿನ್ನ ಕೂಸು ಮಾಡಿದಂಗ ಐತಿ, ಒಯ್ಯಿ" ಎಂದು ನಕ್ಕರಂತೆ.

ಅಪ್ಪ ನಗಲಿಲ್ಲ. ಬಟ್ಟಲಿನ ಹೊರಮೈಯಲ್ಲಿ ಮಾಡಿದವನ ಹೆಬ್ಬೆರಳಿನ ಗುರುತು ಹಾಗೇ ಉಳಿದಿತ್ತು, ಅದರ ಮೇಲೆ ಗಾಜಿನಂಥ ಹೊಳಪು. ನಮ್ಮಲ್ಲಿ ಬೆರಳಿನ ಗುರುತು ಉಳಿದರೆ ಸಂತೆಯ ಹೆಂಗಸರು ಆ ಗಡಿಗೆ ಮುಟ್ಟುವುದಿಲ್ಲ; ಹಲಗೆಯಿಂದ ಬಡಿದು ಬಡಿದು ಅಳಿಸಬೇಕು. ಅಲ್ಲಿ ಯಾವನೋ ಬೇಕೆಂತಲೇ ಬಿಟ್ಟಿದ್ದ. ಅಪ್ಪ ಆ ಗುರುತಿನೊಳಗೆ ತನ್ನ ಹೆಬ್ಬೆರಳಿಟ್ಟು ಕೂತುಬಿಡುತ್ತಿದ್ದ.

ಮನೆಗೆ ಬಂದವರು "ಪಿಂಗಾಣಿ ಐತಲ್ಲ" ಎಂದರೆ ಸಾಕು, ರೇಗುತ್ತಿದ್ದ.

"ಮಣ್ಣರೀ! ಇದೂ ಮಣ್ಣ ಐತಿ. ಅಲ್ಲೊಬ್ಬ ಕುಂಬಾರ ಕುಂತು ಮಾಡ್ಯಾನ. ಅವಗ ಬಂದದ್ದು ನನಗ್ಯಾಕ ಬರಂಗಿಲ್ಲ?"

ಹೇಳಿಕೊಡುವವರು ಯಾರಿದ್ದರು? ತಾನೇ ಬಟ್ಟಲು ಮಾಡಿ ಹೊಳಪಿಗೆಂದು ಬೂದಿ ಕಲಸಿ ಹಚ್ಚಿದ, ಉದುರಿತು. ಉಪ್ಪು ಹಚ್ಚಿದ, ಬಿರುಕು ಬಿಟ್ಟಿತು. ಕೊನೆಗೆ, ಗಾಜಿನ ಹೊಳಪಿಗೆ ಗಾಜೇ ಬೇಕೆಂದು, ಬಳೆ ಚೂರಿನ ಗೀಳು ಹತ್ತಿತು. ಊರಲ್ಲಿ ಯಾರ ಬಳೆ ಒಡೆದರೂ ಆರಿಸಿ ತರುವುದು ನನ್ನ ಕೆಲಸ. ಅಪ್ಪ ಅವನ್ನು ಬೀಸುಕಲ್ಲಿಗೆ ಹಾಕಲು ಹೋಗಿ ಅವ್ವನಿಂದ ಬೈಸಿಕೊಂಡ: "ಹಿಟ್ಟಿನ್ಯಾಗ ಗಾಜು ಬಂದ್ರ ಮಕ್ಕಳು ಉಳೀತಾವೇನು?" ಆಮೇಲೆ ಕಲ್ಲಿನಿಂದ ಕುಟ್ಟಿ, ಬಟ್ಟೆಯಲ್ಲಿ ಸೋಸಿ ಹಚ್ಚತೊಡಗಿದ.

ಗಡಿಗೆ ಸುಡುವ ಆವಿಗೆಯೊಳಗೆ ಪ್ರತಿ ಸಲ ಒಂದು ಬಟ್ಟಲು ಸೇರಿಸುತ್ತಿದ್ದ. ಬೆಂಕಿ ಇಟ್ಟ ಮೇಲೆ ಕುಂಬಾರನ ಕೈಯಲ್ಲಿ ಏನೂ ಇಲ್ಲ, ಕಾಯಬೇಕು. ವರ್ಷಗಟ್ಟಲೆ ಕಾದ. ಬಟ್ಟಲು ಪಕ್ಕದ ಗಡಿಗೆಗೆ ಅಂಟಿಕೊಂಡು ಮಾರುವುದನ್ನೂ ಕೆಡಿಸುತ್ತಿತ್ತು. ಅಷ್ಟರಲ್ಲಿ ಯುದ್ಧ ಬಂದು ಸಂತೆಯಲ್ಲಿ ಜಪಾನಿನ ಸಾಮಾನು ನಿಂತುಹೋಯಿತು. ನಮ್ಮ ಮನೆಯಲ್ಲಿ ಮಾತ್ರ ಜಪಾನಿನ ಗೀಳು ನಿಲ್ಲಲಿಲ್ಲ.

ಒಂದು ಬೇಸಿಗೆ, ಬೂದಿ ಸರಿಸಿದಾಗ ಹಸಿರು ಬಟ್ಟಲು ಬಂತು. ಬಳೆಯದೇ ಹಸಿರು. ಹೊರಮೈಯಲ್ಲಿ ಅಪ್ಪನ ಹೆಬ್ಬೆರಳು. ಅದನ್ನು ಕರಿ ಬಟ್ಟಲಿನ ಪಕ್ಕ ಗೋಡೆಯ ಗೂಡಿನಲ್ಲಿಟ್ಟ. ನೋಡಿದವರು "ಇದೂ ಜಪಾನಿಂದೇನು?" ಎಂದರೆ ಅವನಿಗೆ ಸ್ವರ್ಗ ಮೂರೇ ಗೇಣು. "ನಮ್ಮ ಕೆರಿ ಮಣ್ಣು" ಎನ್ನುತ್ತಿದ್ದ.

ಆ ಮಳೆಗಾಲ ಜ್ವರ ಹಿಡಿದು ಮಲಗಿದ. ಗಂಜಿಯನ್ನು ತನ್ನ ಹಸಿರು ಬಟ್ಟಲಲ್ಲೇ ಕೊಡಬೇಕೆಂದು ಹಟ. ಅವ್ವ ಕೊಟ್ಟಳು. ಗುರುತಿನೊಳಗೆ ಬೆರಳಿಟ್ಟುಕೊಂಡು ಕುಡಿದ. ಏಳಲಿಲ್ಲ.

ಅವನು ಹೋದ ದಿನ ಅವ್ವನ ಹಸಿರು ಬಳೆ ಒಡೆದರು. ರೂಢಿಯಂತೆ ನನ್ನ ಕೈ ಆ ಚೂರುಗಳ ಕಡೆ ಹೋಯಿತು. ಕೊಡುವುದು ಯಾರಿಗೆ ಎಂದು ನೆನಪಾಗಿ ಅಳು ಒತ್ತರಿಸಿ ಬಂತು.

ಸಾವಾದ ಮನೆಯಲ್ಲಿ ಬಳಸಿದ ಮಣ್ಣಿನ ಪಾತ್ರೆ ಉಳಿಯುವಂತಿಲ್ಲ. ಸೂತಕ ಕಳೆಯುವ ದಿನ ಹೊರಗೊಯ್ದು ಒಡೆಯಬೇಕು. ಮಣ್ಣು ಸೂತಕ ಹೀರುತ್ತದಂತೆ. ಹಿತ್ತಾಳೆ, ಪಿಂಗಾಣಿಯಾದರೆ ತೊಳೆದರೆ ಸಾಕು. ಊರಿಗೆಲ್ಲ ಆ ದಿನ ಹೊಸ ಗಡಿಗೆ ಕೊಡುವವರೇ ನಾವು, ನಮ್ಮನ್ನು ಬಿಡುವವರು ಯಾರು?

ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಗೂಡಿನಿಂದ ಎರಡೂ ಬಟ್ಟಲು ತೆಗೆದ. ಕರಿಯದನ್ನು ತೊಳೆದು, "ಇದು ಜಪಾನ್ ಪಿಂಗಾಣಿ, ಇರಲಿ" ಎಂದು ಮರಳಿ ಇಟ್ಟ. ಹಸಿರನ್ನು ಹಿಡಿದು ನಿಂತ. ಒಡೆಯಲು ಅವನಿಗೂ ಮನಸ್ಸಿರಲಿಲ್ಲ, ಪಾಪ.

"ದೊಡ್ಡಪ್ಪಾ, ಅದೂ ಪಿಂಗಾಣಿನೇ ಐತ್ರಿ, ಒಡೀಬ್ಯಾಡ್ರಿ," ಎಂದು ಅವನ ಧೋತರ ಹಿಡಿದೆ.

ಅವನು ಅವ್ವನನ್ನು ನೋಡಿದ. "ನೀ ಹೇಳವ್ವಾ. ಪಿಂಗಾಣಿ ಅಂದ್ರ ಇಡ್ತೀನಿ."

ಮೂಲೆಯಲ್ಲಿ ಕೂತಿದ್ದ ಅವ್ವ ತಲೆ ಎತ್ತಲಿಲ್ಲ. "ಮಣ್ಣ ಐತ್ರಿ, ಭಾವಾ," ಎಂದಳು. "ಪಿಂಗಾಣಿ ಅಂದೋರ ಜೋಡಿ ಜಗಳಾಡ್ಯಾರ ಅವರು. ಈಗ ನಾ ಹ್ಯಾಂಗ ಸುಳ್ಳು ಹೇಳ್ಲಿ?"

ದೊಡ್ಡಪ್ಪ ಅದನ್ನು ಒಡೆದ ಮೇಲೆ ಹೊರಗೆ ಹೋಗಿ ನೋಡಿದೆ. ಒಡೆದ ಅಂಚಿನಲ್ಲಿ ನಮ್ಮ ಕೆರೆಯ ಕೆಂಪು, ಮೇಲೆ ಹಸಿರು. ಸೂತಕದ ಚೂರು ಮುಟ್ಟಬಾರದೆಂದು ಯಾರೋ ನನ್ನನ್ನು ಒಳಗೆ ಎಳೆದುಕೊಂಡು ಬಂದರು.

ಕರಿ ಬಟ್ಟಲು ಈಗಲೂ ನನ್ನ ಹತ್ತಿರ ಇದೆ. ಅದನ್ನು ಮಾಡಿದವನ ಬೆರಳು ಅದರ ಮೇಲೆ ಹಾಗೇ ಇದೆ. ನಮ್ಮಪ್ಪನದು ಎಲ್ಲೂ ಇಲ್ಲ.